ಬಿಲ್ಲಿನ ಕೆಲಸಕ್ಕೆ ಮನೆಯಲ್ಲಿ ಜಾಗ: ಮಳೆ ಹಿಡಿಯುವ ಮೊದಲು

ಬಳಗದವರೆಲ್ಲರ ಗಮನಕ್ಕೆ,

ಕೊಟ್ಟಿಗೆಯ ಮೂಲೆಯಲ್ಲಿ ಬಿದಿರಿನ ಬಿಲ್ಲು ಮಾಡುವ ಕೆಲಸ ಶುರು ಮಾಡುವವರು ಉಪಕರಣಕ್ಕೆ ದುಡ್ಡು ಸುರಿಯಬೇಡಿ. ಕತ್ತಿ, ಕೀಸುಳಿ, ಅರ, ಮರಳು ಕಾಗದ, ಬಿದಿರನ್ನು ಬಿಗಿಯಾಗಿ ಹಿಡಿಯಲು ಅಲುಗಾಡದ ಒಂದು ವೈಸ್ ಸಾಕು. ಶಿರಸಿ ಮಳೆಯಲ್ಲಿ ನಿಜವಾದ ತೊಂದರೆ ತೇವದ್ದು.

ಬಿದಿರು ಮೂರು ವರ್ಷ ದಾಟಿರಬೇಕು. ಕಾಡಿನದ್ದು ಬೇಡ, ತೋಟದಂಚಿನದ್ದೋ ಕೊಂಡದ್ದೋ ಇರಲಿ. ಮಳೆಗಾಲದಲ್ಲಿ ಕಡಿದರೆ ಬೇಗ ಕುಟ್ಟೆ ಹಿಡಿಯುತ್ತದೆ. ಡಿಸೆಂಬರ್-ಜನವರಿಯಲ್ಲಿ ಕಡಿದು, ಸೀಳಿ, ನೆರಳಲ್ಲಿ ಒಣಗಿಸಿ. ಜೂನ್ ನಂತರ ಒಲೆಯ ಮೇಲಿನ ಅಟ್ಟವೇ ಗತಿ. ಅದಿಲ್ಲದವರು ಪ್ಲೈವುಡ್ ಪೆಟ್ಟಿಗೆಯ ಮೇಲೆ ಕೆಳಗೆ ತೂತು ಕೊರೆದು 60 ವ್ಯಾಟಿನ ಹಳೇ ಬಲ್ಬ್ ಹಾಕಿ, ಬಿದಿರಿಗೆ ತಾಗದಂತೆ. ಎಲ್‌ಇಡಿಗೆ ಆ ಕಾವು ಬರುವುದಿಲ್ಲ. ವಾರಕ್ಕೊಮ್ಮೆ ತೂಗಿ, ತೂಕ ಇಳಿಯುವುದು ನಿಂತರೆ ಒಣಗಿದೆ ಎಂದರ್ಥ. ಹಸಿಯಲ್ಲೇ ಬಗ್ಗಿಸಿದ ಬಿಲ್ಲು ಬಾಗಿದ ಹಾಗೇ ಉಳಿದುಬಿಡುತ್ತದೆ.

ಹೆದೆಯನ್ನು 28 ಇಂಚು ಎಳೆಯುವವರಿಗೆ ಐದೂವರೆ ಅಡಿ ಉದ್ದದ ಬಿಲ್ಲು ಬೇಕು. ಬಿದಿರಿನ ಸಿಪ್ಪೆ ಬದಿ ಗುರಿಯ ಕಡೆಗೆ. ಅದನ್ನು ಕೆತ್ತಿದರೆ ನಾರು ಕಡಿದು ಅಲ್ಲೇ ಮುರಿಯುತ್ತದೆ. ಗಂಟನ್ನೂ ಸಪಾಟು ಮಾಡಬೇಡಿ. ತೆಳ್ಳಗೆ ಮಾಡುವುದೆಲ್ಲ ಒಳಬದಿಯಿಂದ.

ಗೋಡೆಗೆ ಗೂಟ, ಕೆಳಗೊಂದು ರಾಟೆ ಹಾಕಿ, ಗೂಟದ ಮೇಲೆ ಬಿಲ್ಲಿನ ನಡುಭಾಗ ಕೂರಿಸಿ, ಹೆದೆಯನ್ನು ದೂರದಿಂದ ಹಗ್ಗದಲ್ಲಿ ಎಳೆದು ನೋಡಿ. ಬಿಲ್ಲಿನ ಎರಡೂ ತೋಳು ಸಮನಾಗಿ ಬಾಗುವ ತನಕ ಮುಂದಿನ ಇಂಚಿಗೆ ಹೋಗಬೇಡಿ. ಕೆತ್ತಬೇಕಾದ್ದು ಬಾಗದ ಕಡೆ, ಎಲ್ಲರೂ ಇಲ್ಲೇ ಎಡವುವುದು!

ಕೊನೆಗೆ ಅಗಸೆ ಎಣ್ಣೆ ಸವರುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ. ಹೊರಗೆ ತಂತಿಗೆ ಹರವಿ ಒಣಗಿಸಿ.