ಅರಲ್ ಸಮುದ್ರದ ಕಡೆಗೂ ಸ್ವಲ್ಪ ನೋಡಿ

ಮಾನ್ಯ ಸಂಪಾದಕರೇ,

ಸೋವಿಯತ್ ಒಕ್ಕೂಟ ಒಡೆದ ಮಾತು ಬಂದಾಗಲೆಲ್ಲ ನಾವು ಮಾಸ್ಕೋ, ಗೋರ್ಬಚೆವ್ ಅಷ್ಟಕ್ಕೇ ನಿಲ್ಲುತ್ತೇವೆ. ಮಧ್ಯ ಏಷ್ಯಾದ ನೀರಿನ ಕಥೆ ಕೇಳುವವರೇ ಇಲ್ಲ.

ಕಿರ್ಗಿಸ್ತಾನದ ಟೊಕ್ಟೊಗುಲ್ ಅಣೆಕಟ್ಟನ್ನೇ ತೆಗೆದುಕೊಳ್ಳಿ. ಮೊದಲು ಬೇಸಿಗೆಯಲ್ಲಿ ಅಲ್ಲಿಂದ ಕೆಳಗಿನ ಉಜ್ಬೆಕ್, ಕಜಕ್ ಹೊಲಗಳಿಗೆ ನೀರು ಬಿಡುತ್ತಿದ್ದರು, ಚಳಿಗಾಲಕ್ಕೆ ಆ ಕಡೆಯಿಂದ ಕಲ್ಲಿದ್ದಲು, ಗ್ಯಾಸ್ ಬರುತ್ತಿತ್ತು. 1991ರಲ್ಲಿ ಎಲ್ಲ ಬೇರೆ ಬೇರೆ ದೇಶ. ಗ್ಯಾಸಿಗೆ ಪೂರ್ತಿ ದುಡ್ಡು ಕೊಡಿ ಅಂದಾಗ, ಕೈಯಲ್ಲಿ ಕಾಸಿಲ್ಲದ ಕಿರ್ಗಿಸ್ತಾನ ಮನೆಗಳನ್ನು ಬೆಚ್ಚಗಿಡಲು ಚಳಿಗಾಲದಲ್ಲೇ ನೀರು ಬಿಟ್ಟು ಕರೆಂಟ್ ತೆಗೆಯಿತು. ಕೆಳಗಿನವರಿಗೆ ಚಳಿಯಲ್ಲಿ ನೆರೆ, ಬೇಸಿಗೆಯಲ್ಲಿ ನೀರಿಲ್ಲ. ಯಾರದ್ದು ತಪ್ಪು ಅನ್ನೋಣ?

ಈ ನೀರು ಕೊನೆಗೆ ಸೇರಬೇಕಾದ ಅರಲ್ ಸಮುದ್ರ, ಅಂದರೆ ಕಜಕಸ್ತಾನ, ಉಜ್ಬೆಕಿಸ್ತಾನಗಳ ನಡುವಿನ ದೊಡ್ಡ ಉಪ್ಪುನೀರಿನ ಸರೋವರ, ಬತ್ತತೊಡಗಿದ್ದು 1960ರ ದಶಕದಲ್ಲೇ, ಅದನ್ನು ತುಂಬಿಸುತ್ತಿದ್ದ ಎರಡು ನದಿಗಳನ್ನು ಹತ್ತಿಗಾಗಿ ತಿರುಗಿಸಿದ್ದರಿಂದ. ಉಜ್ಬೆಕಿಸ್ತಾನದ ಮುಯ್ನಾಕ್ ಅನ್ನುವ ಮೀನುಗಾರರ ಊರಿನಲ್ಲಿ ಈಗ ತುಕ್ಕು ಹಿಡಿದ ಹಡಗುಗಳು ಮರಳಿನ ಮೇಲೆ ನಿಂತಿವೆ, ಗಾಳಿ ಎದ್ದರೆ ಉಪ್ಪು ಮತ್ತು ಕೀಟನಾಶಕ ಬೆರೆತ ಧೂಳು ಅಲ್ಲಿನ ಕರಕಲ್ಪಾಕ್ ಜನರ ಮನೆ ಸೇರುತ್ತದೆ. ಕಜಕಸ್ತಾನ ಮಾತ್ರ 2005ರಲ್ಲಿ ಕೊಕರಲ್ ಅಣೆ ಮುಗಿಸಿ ಸಮುದ್ರದ ಉತ್ತರದ ತುಂಡನ್ನು ಉಳಿಸಿಕೊಂಡಿತು. ಅಲ್ಲಿ ಮೀನು ವಾಪಸ್ ಬಂದಿದೆ, ಓದಿ ನಿಜಕ್ಕೂ ಖುಷಿಯಾಯಿತು.

ಜನರೂ ಹೀಗೇ ಹಂಚಿಹೋದರು. ಫರ್ಗಾನಾ ಕಣಿವೆಯಲ್ಲಿ ಉಜ್ಬೆಕಿಸ್ತಾನ, ಕಿರ್ಗಿಸ್ತಾನ, ತಜಿಕಿಸ್ತಾನ ಈ ಮೂರು ದೇಶಗಳ ಗಡಿ ಹೆಣೆದುಕೊಂಡಿದೆ. 2010ರಲ್ಲಿ ಕಿರ್ಗಿಸ್ತಾನದ ಓಶ್ ಪಟ್ಟಣದಲ್ಲಿ ಅಕ್ಕಪಕ್ಕ ಬಾಳಿದ್ದ ಕಿರ್ಗಿಜರು, ಉಜ್ಬೆಕರ ನಡುವೆ ಗಲಭೆಯಾಗಿ ನೂರಾರು ಜೀವ ಹೋದವು.

ನಿಮ್ಮ ಭಾನುವಾರದ ಪುರವಣಿಯಲ್ಲಿ ಒಂದು ಪುಟ, ಜೊತೆಗೊಂದು ನಕ್ಷೆ ಇದಕ್ಕಾಗಿ ಕೊಡಿ. ನಕ್ಷೆ ಇಲ್ಲದೆ ಅರ್ಥವಾಗುವುದು ಕಷ್ಟ.

– ನಿಮ್ಮ ಓದುಗ, ಧಾರವಾಡ