ತಡವಾಗಿ ಬಂದ ನಿಯಮದ ಕುರಿತು ಮಗಳಿಗೊಂದು ಪತ್ರ

ನವನಗರ, ಬಾಗಲಕೋಟೆ

ಚಿರಂಜೀವಿ ಮಗಳಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಅದರೊಂದಿಗೆ ನೀನು ಕಳಿಸಿದ, ಆ ಸುದ್ದಿಚಿತ್ರ ಸ್ಪರ್ಧೆಯ ಎರಡೂ ನಿಯಮಾವಳಿಗಳನ್ನು, ಮೊದಲು ಪ್ರಕಟವಾದದ್ದನ್ನೂ ಕೊನೆಯ ದಿನಾಂಕಕ್ಕೆ ಒಂದು ವಾರವಷ್ಟೇ ಉಳಿದಿರುವಾಗ ಬಂದ, ರಾ ಫೈಲನ್ನು (ಕ್ಯಾಮೆರಾದ ಸೆನ್ಸರ್ ದಾಖಲಿಸಿದ ಮೂಲ ದತ್ತಾಂಶವನ್ನು ಹಾಗೆಯೇ ಉಳಿಸುವ ಫೈಲನ್ನು) ಕೊಡಲೇಬೇಕೆನ್ನುವ ತಿದ್ದುಪಡಿಯನ್ನೂ, ಪಕ್ಕಪಕ್ಕದಲ್ಲಿಟ್ಟುಕೊಂಡು ಓದಿದೆ. ಸ್ಪರ್ಧೆಯಿಂದ ಹಿಂದೆ ಸರಿದು ಆಯೋಜಕರು ಮೋಸ ಮಾಡಿದರೆಂದು ಎಲ್ಲರಿಗೂ ತಿಳಿಯುವಂತೆ ಬರೆಯಲೇ ಎಂದು ಕೇಳಿದ್ದೀ. ಬೆಳಗಾವಿಯ ನಿನ್ನ ಗೆಳೆಯರು ಹೇಳಿಕೊಟ್ಟಂತೆ ಕ್ಯಾಮೆರಾ ಕುಗ್ಗಿಸಿ ಉಳಿಸಿದ ಹಳೆಯ ಜೆಪೆಗ್ ಚಿತ್ರಗಳನ್ನೇ ತಂತ್ರಾಂಶಕ್ಕೆ ಹಾಕಿ, ರಾ ಫೈಲಿನಂತೆ ಕಾಣುವ ಹಾಗೆ ತಿರುಗಿಸಿ ಕಳಿಸಲೇ ಎಂದೂ ಕೇಳಿದ್ದೀ. ಎರಡನ್ನೂ ಮಾಡಬೇಡ. ಏಕೆ ಮಾಡಬಾರದು, ಅದರ ಬದಲು ಏನು ಮಾಡಬೇಕು ಎಂಬುದನ್ನು ತಿಳಿಸಲು ತುಸು ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ನಿನಗಾದ ನೋವು ಸಣ್ಣದೆಂದು ನಾನು ಹೇಳುವುದಿಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಮ್ಮೆಗೇ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರೂರುಗಳನ್ನು ನೀರಿಗೆ ತಳ್ಳಿದಾಗಿನಿಂದ, ನೀನು ಪ್ರತಿ ಮಳೆಗಾಲ ಗೋಕಾಕದ ಲೋಳಸೂರ ಸೇತುವೆಯಿಂದ ಮುಧೋಳ ತಾಲೂಕಿನವರೆಗೆ ಘಟಪ್ರಭೆಯ ದಂಡೆಯ ಜನರ ಜೊತೆ ಓಡಾಡಿ, ಅವರು ಮನೆ ಬಿಟ್ಟು ಕಾಳಜಿ ಕೇಂದ್ರಕ್ಕೆ ಹೋಗುವುದನ್ನೂ, ಮರಳಿ ಬಂದು ಕೆಸರು ಎತ್ತುವುದನ್ನೂ ಚಿತ್ರಿಸಿದ್ದೀ. ಆ ಚಿತ್ರಗಳನ್ನು ನೀನು ತೆಗೆದದ್ದು ಪತ್ರಿಕೆಯ ಕೆಲಸಕ್ಕಾಗಿ. ಕರೆಂಟು ಹೋಗಿ ನೆಟ್‌ವರ್ಕ್ ಬರುತ್ತ ಹೋಗುತ್ತ ಇದ್ದ ಊರಿನಿಂದ ರಾತ್ರಿಯ ಆವೃತ್ತಿ ಮುಗಿಯುವುದರೊಳಗೆ ಚಿತ್ರ ಡೆಸ್ಕಿಗೆ ತಲುಪಬೇಕಾದರೆ ಹಗುರವಾದ ಜೆಪೆಗ್ ಒಂದೇ ದಾರಿ, ಮತ್ತು ಕ್ಯಾಮೆರಾವನ್ನು ಜೆಪೆಗ್‌ಗೆ ಮಾತ್ರ ಹೊಂದಿಸಿಕೊಂಡು ಕೆಲಸ ಮಾಡುವುದು ನಮ್ಮ ಭಾಗದ ಪತ್ರಿಕಾ ಛಾಯಾಗ್ರಾಹಕರಲ್ಲಿ ಬಹುಪಾಲು ಜನರ ರೂಢಿ. ಮೊದಲ ನಿಯಮಾವಳಿಯಲ್ಲಿ ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಅದನ್ನು ನಂಬಿ ನೀನು ಶುಲ್ಕ ಕಟ್ಟಿದೆ, ರಜೆ ಹಾಕಿ ಚಿತ್ರಗಳನ್ನು ಆರಿಸಿದೆ. ಈಗ ಅಂತಿಮ ಸುತ್ತಿಗೆ ಬಂದವರೆಲ್ಲರೂ ರಾ ಫೈಲು ಕೊಡಬೇಕು, ಕೊಡದವರನ್ನು ಪರಿಗಣಿಸುವುದಿಲ್ಲ ಎಂದರೆ ಅದು ನೇರವಾಗಿ ನಿನ್ನಂಥವರ ಮೇಲೆಯೇ ಬೀಳುವ ಹೊಡೆತ.

ಆದರೂ ಮಗಳೇ, ಆ ನಿಯಮವೂ ಅದು ಬಂದ ಹೊತ್ತೂ ಬೇರೆ ಬೇರೆ ವಿಷಯಗಳು. ನಿನ್ನ ಪತ್ರದಲ್ಲಿ ಅವೆರಡೂ ಒಂದಕ್ಕೊಂದು ಬೆರೆತು ಹೋಗಿವೆ. ಮೊದಲು ನಿಯಮವನ್ನು ನೋಡು. ಕೃತಕ ಬುದ್ಧಿಮತ್ತೆಯಿಂದ ತಯಾರಾದ ಚಿತ್ರಗಳು ಕಣ್ಣಿಗೆ ನಿಜದಂತೆಯೇ ಕಾಣುವ ಈ ದಿನಗಳಲ್ಲಿ, ಸುದ್ದಿಚಿತ್ರದ ಸ್ಪರ್ಧೆ ನಡೆಸುವವರು ಮೂಲ ಫೈಲನ್ನು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಫಿಲ್ಮಿನ ಕಾಲದಲ್ಲಿ ನಾವು ರೋಲನ್ನು ಲಕೋಟೆಯಲ್ಲಿಟ್ಟು ಹುಬ್ಬಳ್ಳಿಯ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದೆವು. ಯಾರಾದರೂ ಸಂಶಯಪಟ್ಟರೆ ನೆಗೆಟಿವ್ ತೆಗೆದು ತೋರಿಸಿದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನೆದರ್ಲೆಂಡ್ಸ್‌ನಲ್ಲಿ 1955ರಲ್ಲಿ ಆರಂಭವಾದ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ 2010ರಲ್ಲಿ ಸ್ಟೆಪಾನ್ ರುಡಿಕ್ ಎಂಬ ಛಾಯಾಗ್ರಾಹಕರಿಗೆ ಬಂದ ಬಹುಮಾನ ರದ್ದಾದದ್ದು, ಅವರ ರಾ ಫೈಲನ್ನು ತರಿಸಿ ನೋಡಿದಾಗ ಚಿತ್ರದಲ್ಲಿದ್ದ ಒಬ್ಬನ ಪಾದದ ತುಣುಕನ್ನು ಅಳಿಸಿರುವುದು ಕಂಡುಬಂದದ್ದರಿಂದ. ಅದೇ ರಾ ಫೈಲು ಪ್ರಾಮಾಣಿಕರನ್ನು ಕಾಪಾಡಿದ್ದೂ ಉಂಟು. ಗಾಜಾದಲ್ಲಿ ಸತ್ತ ಮಕ್ಕಳ ಶವಗಳನ್ನು ಹೊತ್ತು ಸಾಗುವ ಜನರ ಚಿತ್ರಕ್ಕಾಗಿ 2013ರಲ್ಲಿ ಅದೇ ಸ್ಪರ್ಧೆಯ ವರ್ಷದ ಚಿತ್ರದ ಪ್ರಶಸ್ತಿ ಪಡೆದ ಪಾಲ್ ಹ್ಯಾನ್ಸೆನ್ ಅವರ ಮೇಲೆ, ಹಲವು ಚಿತ್ರಗಳನ್ನು ಜೋಡಿಸಿ ಒಂದು ಮಾಡಿದ್ದಾರೆಂಬ ಆರೋಪ ಕೆಲವೇ ತಿಂಗಳಲ್ಲಿ ಎದ್ದಾಗ, ಪರಿಣತರು ರಾ ಫೈಲನ್ನು ಪರಿಶೀಲಿಸಿ ಆ ಆರೋಪ ಸುಳ್ಳೆಂದು ತಿಳಿಸಿದರು. ಆದ್ದರಿಂದ ಆಯೋಜಕರಿಗೆ ಬರೆಯುವಾಗ ಈ ನಿಯಮವೇ ಕೆಟ್ಟದ್ದೆಂದು ವಾದಿಸಬೇಡ. ವಾದಿಸಿದರೆ ಅದು ಸೋಲುವ ವಾದ, ಅಷ್ಟೇ ಅಲ್ಲ, ನಿನ್ನ ವೃತ್ತಿಗೆ ನೀನೇ ಎದುರು ನಿಂತಂತಾಗುತ್ತದೆ.

ಇನ್ನು ಹೊತ್ತಿನ ವಿಚಾರ. ತಡವಾಗಿ ಬಂದ ನಿಯಮಗಳೆಲ್ಲವೂ ಒಂದೇ ತೂಕದವಲ್ಲ. ಅಡಿಬರಹದಲ್ಲಿ ಊರು, ತಾಲೂಕು, ದಿನಾಂಕ ಮೂರೂ ಇರಬೇಕೆಂದು ಅವರು ಈಗ ಹೇಳಿದ್ದರೆ, ಯಾರಿಗೂ ನಷ್ಟವಾಗುತ್ತಿರಲಿಲ್ಲ, ಎಲ್ಲರೂ ಒಂದು ಸಂಜೆ ಕುಳಿತು ಬರೆದು ಕಳಿಸುತ್ತಿದ್ದರು. ಇಂದು ಹೇಳಿದ್ದನ್ನು ಇಂದಿನಿಂದ ಪಾಲಿಸಲು ಸಾಧ್ಯವಿರುವ ನಿಯಮ ಅದು. ರಾ ಫೈಲಿನ ನಿಯಮ ಹಾಗಲ್ಲ. ಶಟರ್ ಒತ್ತಿದ ಆ ಕ್ಷಣದಲ್ಲಿ ಕ್ಯಾಮೆರಾ ಅದನ್ನು ಉಳಿಸಿಕೊಳ್ಳದಿದ್ದರೆ ಆಮೇಲೆ ಎಷ್ಟು ಶ್ರಮಪಟ್ಟರೂ ಅದು ಹುಟ್ಟುವುದಿಲ್ಲ. 2019ರಲ್ಲಿ ತೆಗೆದ ಚಿತ್ರದ ವಿಷಯದಲ್ಲಿ ಹೀಗೊಂದು ಕರ್ತವ್ಯವಿತ್ತೆಂದು ಈಗ ಹೇಳುವುದೆಂದರೆ, ಕಳೆದುಹೋದ ದಿನದ ಮೇಲೆ ಕಾನೂನು ಮಾಡಿದಂತೆ. ಅದರ ಭಾರ ಯಾರ ಮೇಲೆ ಬೀಳುತ್ತದೆಂಬುದನ್ನೂ ನೋಡು. ದೊಡ್ಡ ಊರಿನಲ್ಲಿ ತಮ್ಮದೇ ಯೋಜನೆಗಳ ಮೇಲೆ ನಿಧಾನವಾಗಿ ಕೆಲಸ ಮಾಡುವವರು ರಾ ಫೈಲುಗಳನ್ನು ಹಾರ್ಡ್ ಡಿಸ್ಕಿನಲ್ಲಿ ಕಾಯ್ದಿಟ್ಟಿರುತ್ತಾರೆ. ಜಮಖಂಡಿಯಲ್ಲೋ ಇಂಡಿಯಲ್ಲೋ ಕುಳಿತು ವರದಿಯನ್ನೂ ಚಿತ್ರವನ್ನೂ ತಾನೇ ಕಳಿಸುವ, ಮೆಮೊರಿ ಕಾರ್ಡ್ ತುಂಬಿದಾಗ ಹಳೆಯದನ್ನು ಅಳಿಸಿ ಹೊಸದಕ್ಕೆ ಜಾಗ ಮಾಡಿಕೊಳ್ಳುವ ತಾಲೂಕು ವರದಿಗಾರನ ಬಳಿ ಅದು ಇರುವುದಿಲ್ಲ. ಸುಳ್ಳುಗಾರರನ್ನು ಹಿಡಿಯಲು ಬೀಸಿದ ಬಲೆಯಲ್ಲಿ ಸಿಕ್ಕಿಬೀಳುವವರು ಬಡ ಪ್ರಾಮಾಣಿಕರು. ಆಯೋಜಕರ ಮುಂದೆ ನೀನು ಇಡಬೇಕಾದ ಮುಖ್ಯ ಮಾತು ಇದೇ.

ದೊಡ್ಡವರೂ ತಡವಾಗಿ ನಿಯಮ ಬದಲಿಸಿದ್ದಾರೆ ಎಂದು ಅವರು ನಿನಗೆ ಉತ್ತರ ಕೊಡಬಹುದು. ಅದು ನಿಜವೇ. 2023ರ ನವೆಂಬರ್‌ನಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಸಂಸ್ಥೆ ಮುಂದಿನ ವರ್ಷದ ಸ್ಪರ್ಧೆಯ ಮುಕ್ತ ವಿಭಾಗದಲ್ಲಿ ಕೃತಕ ಬುದ್ಧಿಮತ್ತೆಯ ಚಿತ್ರಗಳಿಗೂ ಅವಕಾಶ ಕೊಡುವುದಾಗಿ ಪ್ರಕಟಿಸಿ, ಛಾಯಾಗ್ರಾಹಕರಿಂದ ತೀವ್ರ ಆಕ್ಷೇಪ ಬಂದ ಕೂಡಲೇ ಅದೇ ತಿಂಗಳಲ್ಲಿ ಆ ಅವಕಾಶವನ್ನು ಹಿಂದಕ್ಕೆ ಪಡೆಯಿತು. ಆ ಬದಲಾವಣೆ ಸರಿಯಾದದ್ದೆಂದು ನಾನು ಎಣಿಸುತ್ತೇನೆ. ಅದು ಪ್ರಕಟಣೆಯಾದ ಕೆಲವೇ ದಿನಗಳಲ್ಲಿ, ತೀರ್ಪುಗಾರರು ಕುಳಿತುಕೊಳ್ಳುವ ಎಷ್ಟೋ ಮೊದಲು ಆಯಿತು. ಕ್ಯಾಮೆರಾದಿಂದ ಸುದ್ದಿಚಿತ್ರ ತೆಗೆಯುವ ಒಬ್ಬನ ಹಿಂದಿನ ಕೆಲಸವೂ ಅದರಿಂದ ಅನರ್ಹವಾಗಲಿಲ್ಲ. ಅದಕ್ಕೂ ಹೆಚ್ಚು ನಿನಗೆ ಉಪಯೋಗಕ್ಕೆ ಬರುವುದು 2015ರ ಸಂಗತಿ. ಆ ವರ್ಷ ಅದೇ ಸ್ಪರ್ಧೆಯಲ್ಲಿ ಕೊನೆಯ ಸುತ್ತಿನ ಹಿಂದಿನ ಸುತ್ತಿಗೆ ಬಂದ ಚಿತ್ರಗಳಲ್ಲಿ ಸುಮಾರು 20 ಪ್ರತಿಶತವನ್ನು, ಚಿತ್ರವನ್ನೇ ತಿದ್ದಿದ ಕಾರಣಕ್ಕೆ ತೆಗೆದುಹಾಕಬೇಕಾಯಿತು. ಇದಲ್ಲದೆ ಬೆಲ್ಜಿಯಂನ ಶಾರ್ಲೆರ್ವಾ ನಗರದ ಕುರಿತ ಒಂದು ಚಿತ್ರಮಾಲೆ ಬಹುಮಾನ ಪಡೆದ ಮೇಲೆ, ಅದರಲ್ಲಿನ ಒಂದು ಚಿತ್ರ ಬ್ರಸೆಲ್ಸ್ ಭಾಗದ್ದೆಂದು ತಿಳಿದು ಆ ಬಹುಮಾನವೂ ರದ್ದಾಯಿತು. ಅಡಿಬರಹ ನಿಜವಾಗಿರಬೇಕೆಂಬ ನಿಯಮ ಮೊದಲಿನಿಂದಲೂ ಇತ್ತು, ಇದ್ದ ನಿಯಮವನ್ನೇ ಅವರು ಜಾರಿ ಮಾಡಿದರು. ಆ ಗದ್ದಲದಿಂದ ಕಲಿತು ಬರೆದ ಹೊಸ ನೀತಿಸಂಹಿತೆಯನ್ನು ಅದೇ ವರ್ಷದ ಕೊನೆಗೆ ಪ್ರಕಟಿಸಿ 2016ರ ಸ್ಪರ್ಧೆಯಿಂದ ಅನ್ವಯಿಸಿದರು. ನಿನ್ನ ಆಯೋಜಕರಿಗೂ ಈ ದಾರಿ ತೆರೆದೇ ಇದೆ. ರಾ ಫೈಲಿನ ನಿಯಮವನ್ನು ಈಗಲೇ ಸಾರಿ, ಮುಂದಿನ ವರ್ಷದ ಸ್ಪರ್ಧೆಯಿಂದ ಕಡ್ಡಾಯ ಮಾಡಬಹುದು.

ನಿಯಮಾವಳಿಯ ಕೊನೆಯಲ್ಲಿ, ಯಾವುದೇ ಸಮಯದಲ್ಲಿ ನಿಯಮ ಬದಲಿಸುವ ಹಕ್ಕು ಆಯೋಜಕರಿಗೆ ಇದೆ ಎಂಬ ಒಂದು ಸಾಲನ್ನು ನೀನು ಕೆಂಪು ಗೆರೆ ಎಳೆದು ಕಳಿಸಿದ್ದೀ, ಹೀಗಿರುವಾಗ ನಾವು ಬಾಯಿ ತೆರೆಯಲು ಬರುತ್ತದೆಯೇ ಎಂದು ಕೇಳಿದ್ದೀ. ಖಂಡಿತವಾಗಿ ಬರುತ್ತದೆ. ನಮ್ಮ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ನವೆಂಬರ್ 7ರಂದು ತೇಜ್ ಪ್ರಕಾಶ್ ಪಾಠಕ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಓದು. ರಾಜಸ್ಥಾನ ಹೈಕೋರ್ಟಿನ ಅನುವಾದಕರ ನೇಮಕಾತಿಯಲ್ಲಿ ಪರೀಕ್ಷೆ ಮುಗಿದ ಮೇಲೆ 75 ಪ್ರತಿಶತ ಅಂಕ ಪಡೆದವರನ್ನು ಮಾತ್ರ ಆಯ್ದುಕೊಳ್ಳಬೇಕೆಂದು ನಿರ್ಧರಿಸಿದ್ದರಿಂದ ಎದ್ದ ವ್ಯಾಜ್ಯ ಅದು. ನೇಮಕಾತಿ ಪ್ರಕ್ರಿಯೆ ಜಾಹೀರಾತಿನಿಂದಲೇ ಆರಂಭವಾಗುತ್ತದೆ, ಆರಂಭದಲ್ಲಿ ತಿಳಿಸಿದ ಅರ್ಹತೆಯನ್ನು, ನಿಯಮಗಳಲ್ಲೋ ಜಾಹೀರಾತಿನಲ್ಲೋ ಅವಕಾಶವಿಲ್ಲದಿದ್ದರೆ, ನಡುವೆ ಬದಲಿಸುವಂತಿಲ್ಲ ಎಂದು ಪೀಠ ಹೇಳಿತು. ಅವಕಾಶವಿದ್ದಾಗಲೂ ಆ ಬದಲಾವಣೆ ಸಂವಿಧಾನದ 14ನೆಯ ವಿಧಿಯ ಸಮಾನತೆಗೆ ಒಪ್ಪುವಂತಿರಬೇಕು, ಮನಬಂದಂತೆ ಮಾಡಿದ್ದಾಗಿರಬಾರದು ಎಂದೂ ಸೇರಿಸಿತು. ಇದು ಸರ್ಕಾರಿ ನೌಕರಿಗೆ ಸಂಬಂಧಿಸಿದ ತೀರ್ಪು. ಖಾಸಗಿಯವರ ಛಾಯಾಚಿತ್ರ ಸ್ಪರ್ಧೆಯನ್ನು ಇದರ ಬಲದಿಂದ ಕೋರ್ಟಿಗೆ ಎಳೆಯಬಹುದೆಂದು ನಾನು ಹೇಳುತ್ತಿಲ್ಲ, ನೀನು ಆ ಯೋಚನೆಯನ್ನೂ ಮಾಡಬೇಡ. ಬದಲಿಸುವ ಅಧಿಕಾರ ಕೈಯಲ್ಲಿದ್ದರೂ ಅದನ್ನು ಬಳಸುವ ರೀತಿಗೆ ಉತ್ತರ ಕೊಡಲೇಬೇಕು ಎಂಬ ವಿವೇಕ ಅದರಲ್ಲಿದೆ, ಅದನ್ನು ಪತ್ರದಲ್ಲಿ ವಿನಯದಿಂದ ನೆನಪಿಸಬಹುದು.

ಇಲ್ಲಿ ಇನ್ನೊಂದು ಮಾತು ಹೇಳಬೇಕೆನಿಸುತ್ತದೆ. ಕೊನೆಯ ದಿನಾಂಕವನ್ನು ಮುಂದೂಡುವುದು ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ ಅದನ್ನು ಯಾರೂ ನಿಯಮ ಬದಲಾವಣೆ ಎಂದು ಎಣಿಸುವುದೇ ಇಲ್ಲ. ಹೇಳಿದ ದಿನಕ್ಕೆ ಸರಿಯಾಗಿ ಮುಗಿಸಬೇಕೆಂದು ನಿದ್ದೆಗೆಟ್ಟು, ಇನ್ನೊಂದು ಚಿತ್ರ ಸೇರಿಸುವ ಆಸೆಯನ್ನು ಬಿಟ್ಟುಕೊಟ್ಟವನಿಗೆ ಅದರಿಂದ ಆಗುವ ಅನ್ಯಾಯವನ್ನು ಯಾರೂ ನೋಡುವುದಿಲ್ಲ. ನಿನ್ನ ಪತ್ರದಲ್ಲಿ, ರಾ ಫೈಲು ಹುಡುಕಲು ಇನ್ನೂ ಹದಿನೈದು ದಿನ ಕೊಡಿ ಎಂದು ಕೇಳಬೇಕೆಂದಿದ್ದೀ. ಅದು ಬೇಡ. ನಿನಗೆ ಅನುಕೂಲವಾದ ತಡದ ಬದಲಾವಣೆಯನ್ನು ಕೇಳಿ, ಪ್ರತಿಕೂಲವಾದದ್ದನ್ನು ಖಂಡಿಸಿದರೆ ಮಾತಿಗೆ ತೂಕವಿರುವುದಿಲ್ಲ.

ಗೆಳೆಯರು ಹೇಳಿಕೊಟ್ಟ ಉಪಾಯದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಜೆಪೆಗ್ ಚಿತ್ರವನ್ನು ಡಿಎನ್‌ಜಿ ಎಂಬ ರಾ ಫೈಲಿನ ರೂಪಕ್ಕೆ ತಿರುಗಿಸಬಹುದು, ಆದರೆ ಅದರಲ್ಲಿ ಕ್ಯಾಮೆರಾದ ಸೆನ್ಸರಿನ ಮೂಲ ದತ್ತಾಂಶ ಇರುವುದಿಲ್ಲ, ಪರಿಶೀಲಿಸುವವರಿಗೆ ಅದು ತಿಳಿಯುತ್ತದೆ. ತಿಳಿಯದೆ ಹೋದರೂ, ಒಂದು ಗೆರೆಯನ್ನೂ ತಿದ್ದದ ನಿನ್ನ ನಿಜವಾದ ಚಿತ್ರಕ್ಕೆ ನೀನೇ ಸುಳ್ಳು ಸಾಕ್ಷಿ ಕಟ್ಟಿದಂತಾಗುತ್ತದೆ. ಮನೆ ಕಳೆದುಕೊಂಡು ಎದೆಮಟ್ಟದ ನೀರಿನಲ್ಲಿ ನಿಂತ ಆ ಮುದುಕಿಯ ಚಿತ್ರಕ್ಕೆ ಅಂಥ ಗತಿ ಬರುವುದನ್ನು ನನ್ನಿಂದ ನೋಡಲಾಗದು.

ಹಾಗೆಯೇ ಮೋಸ ಎಂಬ ಆರೋಪವನ್ನೂ ಕೈಬಿಡು. ಅವರು ಯಾರೋ ಒಬ್ಬರನ್ನು ಗೆಲ್ಲಿಸಲು ಈ ನಿಯಮ ತಂದರೆಂಬುದಕ್ಕೆ ನಿನ್ನ ಬಳಿ ಆಧಾರವಿಲ್ಲ. ಸಂಶಯಾಸ್ಪದ ಚಿತ್ರಗಳು ಬಂದದ್ದರಿಂದ ಗಾಬರಿಯಾಗಿ ತಂದೆವೆಂದು ಅವರೇ ತಿದ್ದುಪಡಿಯಲ್ಲಿ ಬರೆದಿದ್ದಾರೆ, ಅದನ್ನು ನಂಬಲು ಕಾರಣವೂ ಇದೆ. ಗಾಬರಿಯಲ್ಲಿ ಮಾಡಿದ ಅನ್ಯಾಯವೂ ಅನ್ಯಾಯವೇ, ಆದರೆ ಅದನ್ನು ಸರಿಪಡಿಸಿಕೊಳ್ಳಲು ಅವರಿಗೆ ಒಂದು ಅವಕಾಶ ಸಿಗಬೇಕು. ಊರ ತುಂಬ ಮೋಸಗಾರರೆಂದು ಕರೆದ ಮೇಲೆ ಯಾರೂ ಹಿಂದೆ ಹೆಜ್ಜೆ ಇಡುವುದಿಲ್ಲ.

ಹಾಗಾದರೆ ಏನು ಮಾಡಬೇಕೆಂದರೆ, ಈ ವಾರದೊಳಗೆ ಅವರಿಗೆ ಒಂದು ಪತ್ರ ಬರೆ. ಚಿತ್ರದ ಸತ್ಯಾಸತ್ಯತೆ ಪರಿಶೀಲಿಸುವ ಅವರ ಉದ್ದೇಶವನ್ನು ಮೊದಲ ಸಾಲಿನಲ್ಲೇ ಒಪ್ಪಿಕೋ. ರಾ ಇಲ್ಲದವರಿಂದ ಕ್ಯಾಮೆರಾದಿಂದ ಬಂದ ಮೂಲ ಜೆಪೆಗ್ ಫೈಲನ್ನೂ, ಆ ಚಿತ್ರದ ಹಿಂದೆ ಮುಂದೆ ತೆಗೆದ ಫ್ರೇಮುಗಳನ್ನೂ ಒಟ್ಟಿಗೆ ತರಿಸಿಕೊಂಡು ಪರಿಶೀಲಿಸುವಂತೆ ಕೇಳು. ಇದು ನಾನು ಹೊಸದಾಗಿ ಕಟ್ಟಿದ ಉಪಾಯವಲ್ಲ, ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಇರುವ ಪದ್ಧತಿಯೇ. ಒಂದು ಘಟನೆಯನ್ನು ಸತತವಾಗಿ ತೆಗೆದ ಏಳೆಂಟು ಫ್ರೇಮುಗಳು, ಅವುಗಳೊಳಗಿನ ಸಮಯದ ದಾಖಲೆ, ಆ ದಿನದ ಪತ್ರಿಕೆಯಲ್ಲಿ ಅಚ್ಚಾದ ಚಿತ್ರ, ಇವು ಮೂರೂ ಸೇರಿದರೆ ಪ್ರಾಮಾಣಿಕ ತೀರ್ಪುಗಾರನಿಗೆ ಬೇಕಾದ ಸಾಕ್ಷಿ ಸಿಗುತ್ತದೆ. 2019ರ ಆಗಸ್ಟ್‌ನ ಪತ್ರಿಕೆಗಳ ಪ್ರತಿ ನಿಮ್ಮ ಕಚೇರಿಯ ಗ್ರಂಥಾಲಯದಲ್ಲಿ ಇದ್ದೇ ಇರುತ್ತವೆ. ಈ ಪರ್ಯಾಯ ಒಪ್ಪಿಗೆಯಾಗದಿದ್ದರೆ ರಾ ಇಲ್ಲದ ಎಲ್ಲ ಸ್ಪರ್ಧಿಗಳಿಗೂ ಶುಲ್ಕ ಮರಳಿಸಬೇಕೆಂದು ಕೇಳು. ನಿನಗೊಬ್ಬಳಿಗೆ ವಿನಾಯಿತಿ ಕೇಳಬೇಡ. ಕೊಡುತ್ತೇವೆಂದು ಅವರು ಗುಟ್ಟಾಗಿ ಫೋನ್ ಮಾಡಿದರೂ ಒಪ್ಪಿಕೊಳ್ಳಬೇಡ, ಏಕೆಂದರೆ ನಿನಗೆ ಸಿಕ್ಕ ಆ ವಿನಾಯಿತಿ ಜಮಖಂಡಿಯ ವರದಿಗಾರನ ಪಾಲಿಗೆ ಎರಡನೆಯ ಅನ್ಯಾಯವಾಗುತ್ತದೆ.

ಅವರು ಯಾವುದಕ್ಕೂ ಒಪ್ಪದಿದ್ದರೆ ಆಗಲೂ ಹಿಂದೆ ಸರಿಯಬೇಡ. ನಿನ್ನ ಚಿತ್ರಮಾಲೆ ಅಲ್ಲಿಯೇ ಇರಲಿ, ಅನರ್ಹಗೊಳಿಸುವ ಮಾತನ್ನು ಅವರೇ ಕಾರಣ ಸಮೇತ ಬರೆದು ಕೊಡಲಿ. ಆಗ ಬೇಕಾದರೆ ನಡೆದದ್ದನ್ನು ದಿನಾಂಕಗಳೊಂದಿಗೆ, ವಿಶೇಷಣಗಳಿಲ್ಲದೆ, ಎಲ್ಲರೂ ಓದುವಂತೆ ಬರೆ, ನಾನೂ ಅದಕ್ಕೆ ಸಹಿ ಹಾಕುತ್ತೇನೆ. ಗೆದ್ದವರ ಮೇಲೆ ಮಾತ್ರ ಒಂದು ಅಕ್ಷರವೂ ಬೇಡ, ಆ ನಿಯಮವನ್ನು ಅವರು ಮಾಡಿದವರಲ್ಲ.

ಇನ್ನು ಮುಂದೆ ಕ್ಯಾಮೆರಾವನ್ನು ರಾ ಮತ್ತು ಜೆಪೆಗ್ ಎರಡೂ ಉಳಿಯುವಂತೆ ಹೊಂದಿಸಿಕೋ. ಜೆಪೆಗ್ ಡೆಸ್ಕಿಗೆ ಹೋಗಲಿ, ರಾ ನಿನ್ನ ಬಳಿ ಇರಲಿ. ಹಾರ್ಡ್ ಡಿಸ್ಕಿನ ಖರ್ಚು ನಿನ್ನ ಸಂಬಳಕ್ಕೆ ಭಾರವೆಂದು ನನಗೆ ಗೊತ್ತಿದೆ, ಅದನ್ನು ನಾನು ಕೊಡಿಸುತ್ತೇನೆ. ಈ ಮಾತನ್ನು ಅಣ್ಣನಿಗೂ ಹೇಳಿದ್ದೇನೆ, ಸಂಕೋಚಪಡಬೇಡ. ಆಯೋಜಕರಿಗೆ ಬರೆಯುವ ಪತ್ರದ ಕರಡನ್ನು ಗುರುವಾರದೊಳಗೆ ನನಗೆ ಕಳಿಸು, ನೋಡಿ ಅದೇ ದಿನ ಮರಳಿಸುತ್ತೇನೆ. ತಾಲೂಕು ವರದಿಗಾರರಲ್ಲಿ ಇದೇ ಕಷ್ಟಕ್ಕೆ ಸಿಕ್ಕಿದವರು ಇದ್ದರೆ ಅವರ ಹೆಸರನ್ನೂ ಒಪ್ಪಿಗೆ ಪಡೆದು ಅದರಲ್ಲಿ ಸೇರಿಸು.

ಇತಿ,
ನಿನ್ನ ಕಾಕಾ