‘ಲೈಫ್‌ಟೈಮ್ ಆಯಿಲ್’ ಅಂದರೆ ಯಾರ ಲೈಫು?

ಸಂಪಾದಕರೇ,

ನಿಮ್ಮ ವಾಹನ ಪುಟವನ್ನು ತಪ್ಪದೆ ಓದುತ್ತೇನೆ. ಹೊಸ ಡೀಸೆಲ್ ಪಿಕಪ್ ಬಂದಾಗೆಲ್ಲ ಅದರ ಸ್ಕ್ರೀನ್ ಎಷ್ಟು ದೊಡ್ಡದು, ಸೀಟು ಎಷ್ಟು ಮೆತ್ತಗಿದೆ ಅಂತ ವಿವರವಾಗಿ ಬರೆಯುತ್ತೀರಿ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ವಿಷಯ ಬಂದರೆ ಮಾತ್ರ ‘ಲೈಫ್‌ಟೈಮ್ ಆಯಿಲ್, ಬದಲಿಸುವ ಗೋಜಿಲ್ಲ’ ಎಂದು ಕಂಪನಿಯವರು ಹೇಳಿದ್ದನ್ನೇ ಅಚ್ಚು ಹಾಕಿ ಮುಗಿಸುತ್ತೀರಿ. ಆ ಒಂದು ಸಾಲು ನಂಬಿ ಕೆಟ್ಟವನು ನಾನು. ಅದಕ್ಕೇ ಈ ಪತ್ರ.

ನನ್ನ ಗಾಡಿ 1,40,000 ಕಿ.ಮೀ. ದಾಟಿತ್ತು. ಲೋಡ್ ಹೊರುತ್ತದೆ, ಟ್ರೇಲರ್ ಎಳೆಯುತ್ತದೆ. ಒಂದು ದಿನ 60–70ರ ವೇಗದಲ್ಲಿ ಆಕ್ಸಿಲರೇಟರ್ ಮೇಲೆ ಹಗುರವಾಗಿ ಕಾಲಿಟ್ಟು ಹೋಗುತ್ತಿದ್ದಾಗ, ಸಾಲಾಗಿ ಹಾಕಿದ ಸಣ್ಣ ಹಂಪ್‌ಗಳ ಮೇಲೆ ಹೋದ ಹಾಗೆ ಗಾಡಿಯೆಲ್ಲ ಗಡಗಡ ಅಂದಿತು. ರಸ್ತೆ ನೋಡಿದರೆ ನುಣ್ಣಗಿದೆ. ಕಾಲು ತೆಗೆದರೆ ನಿಂತುಹೋಗುತ್ತದೆ, ಮತ್ತೆ ಒತ್ತಿದರೆ ಶುರು. ವರ್ಕ್‌ಶಾಪಿನವರು ಐದು ನಿಮಿಷ ಓಡಿಸಿ ನೋಡಿ, ಗೇರ್‌ಬಾಕ್ಸ್ ಹೋಗಿದೆ, ಹೊಸದೇ ಹಾಕಬೇಕು ಅಂದರು. ಆಯಿಲ್ ನೋಡಿದ್ರಾ ಅಂತ ಕೇಳಿದೆ. ‘ಅದು ಲೈಫ್‌ಟೈಮ್ ಅಲ್ವಾ ಸಾರ್, ನಾವು ಮುಟ್ಟೋದೇ ಇಲ್ಲ’ ಅಂದರು.

ಮನಸ್ಸು ಒಪ್ಪದೆ ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಮೊದಲು ಮಾಡಿದ್ದೇ ಆಯಿಲ್ ಇಳಿಸಿದ್ದು. ಕೆಂಪಗಿರಬೇಕಾದದ್ದು ಕಪ್ಪಾಗಿತ್ತು, ಸೀದ ವಾಸನೆ ಬೇರೆ. ಆಯಿಲ್ ಪ್ಯಾನ್ ಬಿಚ್ಚಿ ಒಳಗಿನ ಮ್ಯಾಗ್ನೆಟ್ ತೋರಿಸಿದರು. ಬೂದು ಬಣ್ಣದ ಪೇಸ್ಟ್ ಅಂಟಿತ್ತು. ಇದು ಮಾಮೂಲಿ ಸವೆತ, ಲೋಹದ ಚೂರು ಸಿಕ್ಕಿದ್ದರೆ ಕಥೆ ಬೇರೆ ಇತ್ತು ಅಂದರು. ಫಿಲ್ಟರ್ ಬದಲಿಸಿ, ಗಾಡಿಯ ಜೊತೆ ಕೊಡುವ ಮ್ಯಾನ್ಯುಯಲ್ ಪುಸ್ತಕದಲ್ಲಿ ಹೇಳಿದ ಗ್ರೇಡಿನ ಆಯಿಲನ್ನೇ ಹಾಕಿದರು. ಒಂದೇ ಸಲಕ್ಕೆ ಹಳೆಯದೆಲ್ಲ ಇಳಿಯುವುದಿಲ್ಲ, ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಒಳಗೆ ಬೇಕಾದಷ್ಟು ಉಳಿದಿರುತ್ತದೆ. ಹಾಗಾಗಿ ಕೆಲವು ದಿನ ಓಡಿಸಿ ಮತ್ತೊಮ್ಮೆ ಇಳಿಸಿ ತುಂಬಿದೆವು. ಗಡಗಡ ಹೋಯಿತು. ಎಲ್ಲರ ಗಾಡಿಯೂ ಹೀಗೇ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ, ಒಳಗಿನ ಕ್ಲಚ್ ಪ್ಲೇಟ್ ಸುಟ್ಟ ಮೇಲೆ ಯಾವ ಆಯಿಲೂ ಉಳಿಸೋದಿಲ್ಲ.

ಮ್ಯಾನ್ಯುಯಲ್ ಗೇರ್‌ಬಾಕ್ಸ್‌ನಲ್ಲಿ ಆಯಿಲ್ ಮುಖ್ಯವಾಗಿ ಸವೆತ ತಡೆಯುತ್ತದೆ. ಆಟೋಮ್ಯಾಟಿಕ್‌ನಲ್ಲಿ ಅದೇ ಎಂಜಿನ್ನಿನ ಶಕ್ತಿಯನ್ನು ದಾಟಿಸಬೇಕು, ಅದೇ ಒತ್ತಡ ಕೊಟ್ಟು ಕ್ಲಚ್ ಪ್ಲೇಟ್ ಹಿಡಿಸಬೇಕು, ಅದೇ ಬಿಸಿಯನ್ನೂ ಹೊತ್ತು ಕೂಲರ್‌ಗೆ ಒಯ್ಯಬೇಕು. ಡೀಸೆಲ್ ಎಂಜಿನ್ ಕಡಿಮೆ ಆರ್‌ಪಿಎಂನಲ್ಲೇ ಜೋರಾಗಿ ಎಳೆಯುತ್ತದೆ. ಲೋಡ್ ಹಾಕಿಕೊಂಡು ಏರು ರಸ್ತೆಯಲ್ಲಿ ನಿಧಾನಕ್ಕೆ ಹತ್ತುವಾಗ ಕನ್ವರ್ಟರ್ ಲಾಕ್ ಆಗದೆ (ಅಂದರೆ ಅದರೊಳಗಿನ ಕ್ಲಚ್ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಬೆಸೆಯದೆ) ಆಯಿಲನ್ನು ಕಡೆಯುತ್ತಲೇ ಇರುತ್ತದೆ, ಬಿಸಿ ಏರುವುದು ಅಲ್ಲೇ. 80–90 ಡಿಗ್ರಿಯಲ್ಲಿ ಆರಾಮಾಗಿರುವ ಆಯಿಲ್ 120 ದಾಟಿದರೆ ಬೇಗ ಕೆಡುತ್ತದೆ. ಅಂಟು ಕಟ್ಟಿ ಗೇರ್ ಬದಲಿಸಲು ಆಯಿಲನ್ನು ಅತ್ತಿತ್ತ ತಿರುಗಿಸುವ ವಾಲ್ವ್ ಬಾಡಿಯ ಸಣ್ಣ ದಾರಿಗಳಲ್ಲಿ ಕೂರುತ್ತದೆ. ಆಮೇಲೆ ಗೇರ್ ತಡವಾಗಿ ಬೀಳುತ್ತದೆ, ಇಲ್ಲವೇ ಗೇರ್ ಬದಲಾಗುವಾಗ ಎಂಜಿನ್ ಸುಮ್ನೆ ಕೂಗುತ್ತದೆ. ಎಷ್ಟೋ ಕಂಪನಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ಕೂಡ 80,000ದಿಂದ 1,20,000 ಕಿ.ಮೀ. ನಡುವೆ ಆಯಿಲ್ ಬದಲಿಸಿ ಅನ್ನುತ್ತದೆ. ಮಾಡಿದವರೇ ಹೀಗೆ ಹೇಳುವಾಗ ಮಾರುವವರ ಮಾತು ಯಾಕೆ ಕೇಳಬೇಕು?

ಹಾಗಂತ ಜರ್ಕ್ ಬಂದ ಕೂಡಲೇ ಗೇರ್‌ಬಾಕ್ಸನ್ನೇ ಅನುಮಾನಿಸುವುದೂ ತಪ್ಪು. ಗಾಡಿ ನಿಲ್ಲಿಸುವಾಗ, ಹೊರಡುವಾಗ ಹಿಂದಿನಿಂದ ‘ಟಕ್’ ಅಂತ ಯಾರೋ ಒದ್ದ ಹಾಗಾದರೆ ಮೊದಲು ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆ ಹೋಗುವ ಪ್ರೊಪೆಲ್ಲರ್ ಶಾಫ್ಟ್‌ಗೆ ಗ್ರೀಸ್ ಇದೆಯಾ, ಅದರ ಕೀಲಾದ ಯುಜೆ ಕ್ರಾಸ್ ಸವೆದಿದೆಯಾ ನೋಡಿ. ಬ್ಯಾಟರಿ ಸೊರಗಿದರೂ ಗೇರ್‌ಬಾಕ್ಸಿನ ಕಂಪ್ಯೂಟರ್ ಗಲಿಬಿಲಿಯಾಗುತ್ತದೆ. ಎಂಜಿನ್‌ಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕೆಟ್ಟಾಗ ಬರುವ ನಡುಕವೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ದೋಷ ಪತ್ತೆಮಾಡುವ ಸ್ಕ್ಯಾನರ್‌ನಲ್ಲಿ ಪಿ0700 ಅನ್ನುವ ಕೋಡ್ ಬಂತು ಅಂತ ಹೆದರಿಸುವವರಿದ್ದಾರೆ. ಗೇರ್‌ಬಾಕ್ಸ್ ಕಂಪ್ಯೂಟರ್‌ನಲ್ಲಿ ಬೇರೆ ಕೋಡ್ ಇದೆ, ಹೋಗಿ ಓದು ಅನ್ನುವುದಷ್ಟೇ ಅದರ ಅರ್ಥ. ಕನ್ವರ್ಟರ್ ಲಾಕ್‌ನ ದೂರಾದರೆ ಪಿ0741 ಥರದ್ದು ಅಲ್ಲಿ ಸಿಗುತ್ತದೆ.

ಓಡಿಸುವ ನಮ್ಮದೂ ತಪ್ಪಿದೆ ಬಿಡಿ. ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್ ಒತ್ತಿಯೇ ಗಾಡಿ ನಿಲ್ಲಿಸುತ್ತೇವೆ. ಗಾಡಿ ಪೂರ್ತಿ ನಿಲ್ಲುವ ಮೊದಲೇ ರಿವರ್ಸ್ ಹಾಕುತ್ತೇವೆ. ಕೆಟ್ಟು ನಿಂತ ಗಾಡಿಯನ್ನು ಹಗ್ಗ ಕಟ್ಟಿ ಎಳೆಸುತ್ತೇವೆ, ಎಂಜಿನ್ ತಿರುಗದಿದ್ದರೆ ಗೇರ್‌ಬಾಕ್ಸಿನ ಪಂಪೂ ತಿರುಗುವುದಿಲ್ಲ, ಒಳಗೆ ಆಯಿಲ್ ಓಡುವುದಿಲ್ಲ ಅನ್ನುವುದು ಎಷ್ಟು ಜನರಿಗೆ ಗೊತ್ತು?

ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ಸಲ ಪಿಕಪ್ ಬಗ್ಗೆ ಬರೆಯುವಾಗ ಮೂರು ವಿಷಯ ಸೇರಿಸಿ. ಗೇರ್‌ಬಾಕ್ಸ್‌ಗೆ ಆಯಿಲ್ ಮಟ್ಟ ನೋಡುವ ಕಡ್ಡಿ (ಡಿಪ್‌ಸ್ಟಿಕ್) ಇದೆಯೋ ಇಲ್ಲವೋ? ಆಯಿಲಿನ ಬಿಸಿ ಡ್ಯಾಶ್‌ಬೋರ್ಡ್‌ನಲ್ಲಿ ಕಾಣುತ್ತದೆಯೋ? ಲೋಡ್ ಹೊರುವ ಗಾಡಿಗೆ ಎಷ್ಟು ಕಿ.ಮೀ.ಗೆ ಆಯಿಲ್ ಬದಲಿಸಬೇಕು? ಈ ಕೊನೆಯದು ಬಹಳಷ್ಟು ಮ್ಯಾನ್ಯುಯಲ್‌ಗಳ ಹಿಂದಿನ ಪುಟಗಳಲ್ಲಿ, ಕಷ್ಟದ ಬಳಕೆಯ ಪಟ್ಟಿಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ. ಇಲ್ಲದಿದ್ದರೆ ಕಂಪನಿಯವರನ್ನೇ ಕೇಳಿ, ಅವರು ಮತ್ತೆ ‘ಲೈಫ್‌ಟೈಮ್’ ಅಂದರೆ ಎಷ್ಟು ಕಿ.ಮೀ.ನ ಲೈಫು ಅಂತ ಇನ್ನೊಮ್ಮೆ ಕೇಳಿ.

ಇತಿ,
ಪಿಕಪ್ ಓಡಿಸುವ ಒಬ್ಬ ಓದುಗ